ಮುಟ್ಟಿನ ಬಡತನವನ್ನು ಅಳೆಯುವುದು ಹೇಗೆ?

ಕರ್ನಾಟಕದಲ್ಲಿ 15ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ ಶೇ 84ರಷ್ಟು ಮಂದಿ ಮುಟ್ಟಿನ ದಿನಗಳಲ್ಲಿ ಶುಚಿಯಾದ ವಿಧಾನ ಅನುಸರಿಸುತ್ತಾರೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಪ್ಯಾಡ್, ಟ್ಯಾಂಪೂನ್, ಕಪ್ ಯಾವುದನ್ನು ಬಳಸಿದರೂ ಈ ಲೆಕ್ಕಕ್ಕೆ ಸೇರುತ್ತಾರೆ. ಅದೇ ಪ್ಯಾಡನ್ನು ಎಷ್ಟು ಹೊತ್ತು ಇಟ್ಟುಕೊಂಡಿದ್ದಿರಿ, ಎಲ್ಲಿ ಬದಲಿಸಿದಿರಿ ಎಂಬುದು ಈ ಅಂಕಿಯೊಳಗಿಲ್ಲ. ನಲವತ್ತರ ಹೆಂಗಸಂತೂ ಲೆಕ್ಕದಲ್ಲೇ ಇಲ್ಲ.

ಮಳವಳ್ಳಿ ಕಡೆ ಭತ್ತದ ನಾಟಿಗೆ ಹೋಗುವವರಲ್ಲಿ ಆ ವಯಸ್ಸಿನವರೇ ಹೆಚ್ಚು. ಬೆಳಿಗ್ಗೆ ಕೆಸರಿಗಿಳಿದ ಮೇಲೆ ಬಟ್ಟೆ ಬದಲಿಸಬೇಕೆಂದರೆ ಪಕ್ಕದ ಕಬ್ಬಿನ ಮರೆಯೇ ಗತಿ, ನಾಲೆಯ ನೀರೇ ನೀರು. ಒದ್ದೆಯಾದದ್ದನ್ನು ಎಲ್ಲಿಡುವುದು? ಸಂಜೆಯವರೆಗೆ ತಡೆದುಕೊಳ್ಳುವುದೇ ವಾಸಿ ಅನ್ನಿಸಿಬಿಡುತ್ತದೆ. ಕೊಳ್ಳಲು ಕಾಸಿಲ್ಲದಿರುವುದು ಮಾತ್ರ ಮುಟ್ಟಿನ ಬಡತನವಲ್ಲ. ಮರೆ, ನೀರು, ಚಿಲಕವಿರುವ ಶೌಚಾಲಯ, ಪುರುಸೊತ್ತು ಇಲ್ಲದಿರುವುದೂ ಅದೇ.

ಇದನ್ನು ಅಳೆಯಲು ಸಂಶೋಧಕಿ ಜೂಲಿ ಹೆನ್ನೆಗನ್ ಮತ್ತು ಸಂಗಡಿಗರು ಉಗಾಂಡಾದ ಶಾಲಾ ಬಾಲಕಿಯರ ನಡುವೆ ಪರೀಕ್ಷಿಸಿ 36 ಅಂಶಗಳ ಮಾಪನವೊಂದನ್ನು 2020ರಲ್ಲಿ ಪ್ರಕಟಿಸಿದರು. ಬದಲಿಸುವಾಗ ಯಾರಾದರೂ ನೋಡಿಯಾರೆಂಬ ಅಂಜಿಕೆ ಇತ್ತೇ, ಬೇಕಾದಷ್ಟು ಸಿಕ್ಕಿತೇ, ಬೇಕೆನಿಸಿದಾಗ ಬದಲಿಸಲಾಯಿತೇ ಎಂಬ ಧಾಟಿಯ ಪ್ರಶ್ನೆಗಳು ಅವು. ನಮ್ಮಲ್ಲೂ ಹೀಗೇ ಕೇಳಬೇಕು. ಕೇಳುವವರು ಹೆಂಗಸರೇ ಆಗಿರಲಿ, ಅತ್ತೆಯೋ ಗಂಡನೋ ಎದುರಿಗಿರುವುದು ಬೇಡ. ‘ಸಾಮಾನ್ಯವಾಗಿ ಏನು ಮಾಡುತ್ತೀರಿ’ ಎಂದರೆ ಒಪ್ಪುವ ಉತ್ತರ ಬರುತ್ತದೆ. ‘ಹೋದ ಸಲ ಎರಡನೇ ದಿನ ಎಷ್ಟು ಸಲ ಬದಲಿಸಿದಿರಿ’ ಎಂದರೆ ನಿಜ ಬರುತ್ತದೆ. ಮದ್ದೂರಿನ ಸುತ್ತಲ ಗಾರ್ಮೆಂಟ್ಸ್‌ಗೆ ಹೋಗುವವರನ್ನು, ಟಾರ್ಗೆಟ್ ನಡುವೆ ಶೌಚಕ್ಕೆ ಏಳಲು ಬಿಡುತ್ತಾರೆಯೇ ಎಂದೂ ಕೇಳಬೇಕು.

ಎಣಿಸಿ ನೋಡಿದರೆ ಸರ್ಕಾರಿ ಯೋಜನೆಯ ಕೊರತೆಯೂ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಪ್ಯಾಡ್ ಹಂಚಲು 2013–14ರಲ್ಲಿ ಶುರುವಾದ ‘ಶುಚಿ’ ಕೋವಿಡ್ ಕಾಲದಲ್ಲಿ ನಿಂತು 2024ರಲ್ಲಿ ಮತ್ತೆ ಬಂತು. ಒಂದು ಪ್ಯಾಕ್‌ನಲ್ಲಿ 10 ಪ್ಯಾಡ್. ಐದು ದಿನ, ದಿನಕ್ಕೆ ನಾಲ್ಕರಂತೆ ಬದಲಿಸಿದರೆ 20 ಬೇಕು. ಅಕ್ಕತಂಗಿಯರು, ತಾಯಿ ಹಂಚಿಕೊಂಡರೆ ಕೇಳುವುದೇ ಬೇಡ. ಜನೌಷಧಿ ಕೇಂದ್ರದಲ್ಲಿ ಒಂದು ರೂಪಾಯಿಗೆ ಪ್ಯಾಡ್ ಸಿಗುತ್ತದೆ, ಆದರೆ ಹಳ್ಳಿಯಿಂದ ಅಲ್ಲಿಗೆ ಬಸ್ ಹಿಡಿಯಬೇಕು.

ಬಟ್ಟೆಯನ್ನು ದೂರಬೇಕಿಲ್ಲ. ಒಡಿಶಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಟ್ಟೆಯನ್ನು ಮನೆಯೊಳಗೆ ಒಣಗಿಸುವವರಲ್ಲಿ ಶಿಲೀಂಧ್ರ ಸೋಂಕು ಹೆಚ್ಚು ಕಂಡಿತ್ತು. ಒಳಗೆ ಒಣಗಿಸುವುದೇಕೆ? ಗಂಡಸರ ಕಣ್ಣಿಗೆ ಬೀಳಬಾರದೆಂದು. ಬಚ್ಚಲ ಮೂಲೆಯಲ್ಲಿ, ಲಂಗದ ಅಡಿಯಲ್ಲಿ ನೇತುಹಾಕಿದ ಬಟ್ಟೆ ಮಳೆಗಾಲದಲ್ಲಿ ಎರಡು ದಿನವಾದರೂ ತಣ್ಣಗೇ ಇರುತ್ತದೆ. ಅದನ್ನೇ ಮತ್ತೆ ಉಡುತ್ತಾರೆ. ನಾಚಿಕೆ ರೋಗವಾಗುವುದು ಹೀಗೆ. ಸೋಪು ಹಾಕಿ ಒಗೆದು, ಬಿಸಿಲಿಗೆ ಹರವಿ, ಪೂರ್ತಿ ಒಣಗಿದ ಮೇಲೆ ಶುದ್ಧವಾದ ಚೀಲದಲ್ಲಿಟ್ಟರೆ ಹತ್ತಿಬಟ್ಟೆ ಒಳ್ಳೆಯ ಸಾಧನವೇ. ಹನ್ನೆರಡನೇ ಶತಮಾನದಲ್ಲೇ ಶರಣರು ಮುಟ್ಟು ಮೈಲಿಗೆ ಎನ್ನುವ ರಜಸ್ಸೂತಕವನ್ನು ತಳ್ಳಿಹಾಕಿದ ನಾಡಿದು. ಬಟ್ಟೆ ತಂತಿಯ ಮೇಲೆ ಧಾರಾಳವಾಗಿ ಒಣಗಲಿ.

ಕಪ್ ಇನ್ನೊಂದು ದಾರಿ. 2022ರಲ್ಲಿ ಚಾಮರಾಜನಗರ ಮತ್ತು ದಕ್ಷಿಣ ಕನ್ನಡದಲ್ಲಿ ಸರ್ಕಾರ ‘ಮೈತ್ರಿ’ ಕಪ್ ಹಂಚಿಕೆ ಆರಂಭಿಸಿತು. ಒಂದು ಕಪ್ ಹತ್ತು ವರ್ಷದವರೆಗೆ ಬಾಳಬಲ್ಲದು. ಆದರೆ ಕುದಿಸಲು ಪಾತ್ರೆ, ತೊಳೆಯಲು ನೀರು, ಕಲಿಸಿಕೊಡುವ ಒಬ್ಬ ಹೆಂಗಸು ಬೇಕೇ ಬೇಕು.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದು ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿತು. ನೌಕರಿ ಇರುವವರಿಗೆ ಅದು ದೊಡ್ಡ ಆಸರೆ. ನಾಟಿಯ ಕೂಲಿಯವಳಿಗೆ ರಜೆ ಎಂದರೆ ಅಂದಿನ ಕೂಲಿ ಇಲ್ಲ.

ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅತಿಯಾದ ಸ್ರಾವ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಗಂಟೆಗೊಂದು ಪ್ಯಾಡ್ ತೊಯ್ದರೆ, ಸ್ರಾವ ಏಳು ದಿನ ದಾಟಿದರೆ, ಗೆಡ್ಡೆ ಗೆಡ್ಡೆಯಾಗಿ ರಕ್ತ ಹೋದರೆ ‘ಎಲ್ಲರಿಗೂ ಇದ್ದದ್ದೇ’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿ ಸಲಹೆಗೆ ದುಡ್ಡು ಕೊಡಬೇಕಿಲ್ಲ.