ಯಕ್ಷರಂಗದ ವ್ಯಾಜ್ಯವೂ ಕೃತಿಸ್ವಾಮ್ಯವೂ

ಯಕ್ಷಗಾನವು ಯಾರ ಸೊತ್ತು? ಕರಾವಳಿಯ ಯಾವ ಮೇಳದ ಚೌಕಿಯಲ್ಲಿ ಈ ಪ್ರಶ್ನೆಯನ್ನು ಕೇಳಿದರೂ ನಗೆಯೇ ಉತ್ತರವಾಗಿ ಬಂದೀತು. ಭಾಗವತರ ಕಂಠದಿಂದ ಕಂಠಕ್ಕೆ ಇಳಿದು ಬಂದ ಕಲೆಗೆ ಒಬ್ಬ ಒಡೆಯನುಂಟೆ? ಆದರೂ ಈ ಪ್ರಶ್ನೆಯ ಒಂದು ಕವಲು ಉಡುಪಿಯ ಜಿಲ್ಲಾ ನ್ಯಾಯಾಲಯದಿಂದ ಹೊರಟು, ರಾಜ್ಯದ ಉಚ್ಚ ನ್ಯಾಯಾಲಯವನ್ನು ಹಾದು, 2009ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನಿರ್ಣಯ ಹೊಂದಿತು. ಲೇಖನಿಯನ್ನೋ ಗೆಜ್ಜೆಯನ್ನೋ ನಂಬಿ ಬಾಳುವ ಕನ್ನಡಿಗರು ಆ ತೀರ್ಪಿನ ಮರ್ಮವನ್ನರಿಯುವುದು ಅವಶ್ಯವು.

ಡಾ. ಶಿವರಾಮ ಕಾರಂತರು ಯಕ್ಷಗಾನದ ರಾಗ, ನೃತ್ಯ, ವೇಷಭೂಷಣಗಳನ್ನು ತಮ್ಮ ದೃಷ್ಟಿಗನುಸಾರವಾಗಿ ತಿದ್ದಿ 'ಯಕ್ಷರಂಗ'ವೆಂಬ ನೂತನ ನೃತ್ಯನಾಟಕ ರೂಪವನ್ನು ನಿರ್ಮಿಸಿದರು. 1997ರಲ್ಲಿ ಅವರು ದಿವಂಗತರಾದರು. 1994ರ ಮೃತ್ಯುಪತ್ರದ ಮೇರೆಗೆ ಕೃತಿಗಳ ಹಕ್ಕು ತಮ್ಮದೆಂದು ಹೇಳಿದ ಮಹಿಳೆಯೊಬ್ಬರು, 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯು ತಮ್ಮ ಅನುಮತಿಯಿಲ್ಲದೆ 'ಅಭಿಮನ್ಯು ವಧೆ'ಯನ್ನು ದೆಹಲಿಯಲ್ಲಿ ಆಡಿಸಿತೆಂದು ದಾವೆ ಹೂಡಿದರು. ನ್ಯಾಯಾಲಯಗಳು ಆಕೆಯ ಹಕ್ಕನ್ನು ಎತ್ತಿಹಿಡಿದವು.

ಹಾಗಾದರೆ ಪರಂಪರೆಯ ಆಟಕ್ಕೆ ಸಂಕೋಲೆ ಬಿದ್ದಿತೆ? ಎಷ್ಟು ಮಾತ್ರಕ್ಕೂ ಇಲ್ಲ. ಅಭಿಮನ್ಯುವಿನ ಕಥೆ ಎಲ್ಲರದು. ತೆಂಕು ಬಡಗುಗಳ ಹೆಜ್ಜೆ ಎಲ್ಲರದು. ಕಾನೂನು ರಕ್ಷಿಸಿದ್ದು ಕಾರಂತರು ಅದಕ್ಕೆ ಕೂಡಿಸಿದ ಸ್ವಂತ ರಚನೆಯನ್ನು ಮಾತ್ರ. 1957ರ ಕೃತಿಸ್ವಾಮ್ಯ ಶಾಸನದಲ್ಲಿ ನೃತ್ಯಸಂಯೋಜನೆಯೂ ನಾಟಕಕೃತಿಯೆನಿಸುವುದು. ಆದರೆ ಅದರ ವಿನ್ಯಾಸವು ಬರಹದಲ್ಲಾಗಲಿ ಅನ್ಯರೀತಿಯಿಂದಾಗಲಿ ಸ್ಥಿರಗೊಂಡಿರಬೇಕು. ಬರಿಯ ಕಲ್ಪನೆಗೆ ಸ್ವಾಮ್ಯವಿಲ್ಲ. 1978ರಲ್ಲಿ 'ನ್ಯೂ ದೆಹಲಿ' ಚಲಚ್ಚಿತ್ರವು 'ಹಮ್ ಹಿಂದೂಸ್ಥಾನಿ' ನಾಟಕದ ನಕಲೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿದ್ದೂ ಇದೇ ತತ್ತ್ವದ ಮೇಲೆ. ವಸ್ತುವೊಂದೇ ಆದರೂ ನಿರೂಪಣೆ ಬೇರೆಯಾಗಿದ್ದಿತು.

ಯಕ್ಷರಂಗದ ತೀರ್ಪಿನಲ್ಲಿ ಇನ್ನೊಂದು ಅಂಶವುಂಟು. ನಮ್ಮ ಎಣಿಕೆಯಲ್ಲಿ ಅದೇ ಹೆಚ್ಚಿನದು. ಶಿಕ್ಷಣಸಂಸ್ಥೆಯ ಚಟುವಟಿಕೆಯ ಅಂಗವಾಗಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಶಾಸನದ ಮಿತಿಯೊಳಗೆ ಆಡಿದರೆ, ಅಥವಾ ಹವ್ಯಾಸಿ ಸಂಘವು ಹಣ ಪಡೆಯದೆ ಪ್ರೇಕ್ಷಕರಿಗೆ ತೋರಿಸಿದರೆ, ಅದು ಉಲ್ಲಂಘನೆಯಲ್ಲವೆಂದು ನ್ಯಾಯಾಲಯವು ಸ್ಪಷ್ಟಪಡಿಸಿತು. ಒಡೆತನಕ್ಕೂ ಲೋಕದ ವಿದ್ಯೆಗೂ ನಡುವೆ ಹಾಕಿದ ಈ ಗೆರೆ ವಿವೇಕದ್ದು.

ಸ್ವಾಮ್ಯವು ಕೃತಿ ಹುಟ್ಟಿದಾಗಲೇ ಹುಟ್ಟುವುದು. ದಾಖಲೆ ಮಾಡಿಸುವುದು ಕಡ್ಡಾಯವಲ್ಲ. ಕರ್ತೃವು ಜೀವಿಸಿರುವಾಗ ಪ್ರಕಟವಾದ ಕೃತಿಗಾದರೆ ಅದು ಅವನ ಕಾಲಾನಂತರ 60 ವರ್ಷ ನಿಲ್ಲುವುದು. ಮೊದಲು ಇದು 50 ವರ್ಷವಿದ್ದಿತು. ರವೀಂದ್ರನಾಥ ಠಾಕೂರರ ಗ್ರಂಥಗಳ ಅವಧಿಯು 1991ರ ಕೊನೆಗೆ ತೀರುವಂತಿರಲು ಸರಕಾರವು ಹತ್ತು ವರ್ಷ ಬೆಳೆಸಿತು. ಒಬ್ಬ ಮಹಾಕವಿಗಾಗಿ ದೇಶದ ಕಾನೂನೇ ಹಿಗ್ಗಿದ್ದು ಸೋಜಿಗವಲ್ಲವೆ!

ಆದರೆ ಅರುವತ್ತು ವರ್ಷದ ಈ ಆಸ್ತಿಯನ್ನು ನಮ್ಮ ಬಡ ಲೇಖಕನು ಒಂದು ಚೀಟಿಗೆ ರುಜು ಹಾಕಿ ಬಿಟ್ಟುಕೊಡುವನು. ಹಸ್ತಾಂತರವು ಬರಹದಲ್ಲಿಲ್ಲದೆ ಸಲ್ಲದೆಂದೂ, ಅವಧಿ ಕಾಣಿಸದಿದ್ದರೆ ಐದೇ ವರ್ಷವೆಂದೂ, ಕೊಂಡವನು ಒಂದು ವರ್ಷದೊಳಗೆ ಹಕ್ಕನ್ನು ಉಪಯೋಗಿಸದಿದ್ದರೆ, ಪತ್ರದಲ್ಲಿ ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅದು ಬಿದ್ದುಹೋಗುವುದೆಂದೂ ಶಾಸನದ 19ನೆಯ ಕಲಮು ಹೇಳುತ್ತದೆ. ರುಜುವಿಗೆ ಮುನ್ನ ಆ ಕಲಮನ್ನು ಓದಿ ಹೇಳುವ ಪ್ರಕಾಶಕರು ಎಷ್ಟು ಮಂದಿ?