ಕರರಹಿತ ಡೀಸೆಲ್ ಸಿಕ್ಕಿತು, ಅದರೊಳಗಿನ ನೀರಿಗೆ ಯಾರು ಹೊಣೆ?

ಕರಾವಳಿಯಲ್ಲಿ ಮೀನುಗಾರರ ಡೀಸೆಲ್ ಬಗ್ಗೆ ಮಾತು ಶುರುವಾದರೆ ಅದು ಎರಡೇ ಪ್ರಶ್ನೆಗಳಲ್ಲಿ ಮುಗಿದುಹೋಗುತ್ತೆ: ಎಷ್ಟು ಲೀಟರ್, ಎಷ್ಟು ರೂಪಾಯಿ. 2023ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಯಾಂತ್ರೀಕೃತ ದೋಣಿಗಳ ಕರರಹಿತ ಡೀಸೆಲ್ ಮಿತಿಯನ್ನು 1.5 ಲಕ್ಷ ಕಿಲೋಲೀಟರ್‌ನಿಂದ 2 ಲಕ್ಷ ಕಿಲೋಲೀಟರ್‌ಗೆ ಏರಿಸಿತು. ಒಳ್ಳೆಯದೇ ಆಯ್ತು. ಆದರೆ ಆ ಡೀಸೆಲ್ ಬೋಟಿನ ಟ್ಯಾಂಕಿಗೆ ಇಳಿದ ಮೇಲೆ ಏನಾಗುತ್ತೆ ಅಂತ ಕೇಳೋರು ಕಡಿಮೆ. ಮಂಗಳೂರು, ಮಲ್ಪೆ ಕಡೆಯ ಬೋಟ್‌ಗಳ ಎಂಜಿನ್ ರೂಮಿನಲ್ಲಿ ಕೆಲವು ವರ್ಷ ಕೈ ಕಪ್ಪು ಮಾಡಿಕೊಂಡವನಾಗಿ ನನಗೆ ಇದು ಸಣ್ಣ ವಿಷಯ ಅನ್ನಿಸಿಲ್ಲ. ಸಮುದ್ರದ ಮಧ್ಯೆ ಎಂಜಿನ್ ನಿಂತರೆ ಅಪಾಯ ಬರೋದು ಬೋಟಿನೊಳಗಿರೋ ತಂಡೇಲನಿಗೆ, ಕಲಾಸಿಗಳಿಗೆ.

ಕತೆ ಶುರುವಾಗೋದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟ್‌ಗಳನ್ನೆಲ್ಲ ಬಂದರಿನಲ್ಲಿ ಒಂದಕ್ಕೊಂದು ತಾಗಿಸಿ ಕಟ್ಟಿಡ್ತಾರೆ. ಟ್ಯಾಂಕಿನಲ್ಲಿ ಅರ್ಧವೋ ಕಾಲೋ ಡೀಸೆಲ್ ಉಳಿದಿರುತ್ತೆ. ಉಳಿದ ಖಾಲಿ ಜಾಗದಲ್ಲಿ ಮಳೆಗಾಲದ ತೇವದ ಗಾಳಿ. ರಾತ್ರಿ ತಣ್ಣಗಾದಾಗ ಆ ತೇವ ಕಬ್ಬಿಣದ ಗೋಡೆಗೆ ಹನಿಗಟ್ಟಿ ಕೆಳಗಿಳಿಯುತ್ತೆ. ಡೀಸೆಲ್‌ಗಿಂತ ನೀರು ಭಾರ, ಹಾಗಾಗಿ ಅದು ತಳ ಸೇರುತ್ತೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆಯುತ್ತವೆ. ಅವು ಬದುಕೋದು ನೀರಿನಲ್ಲಿ, ತಿನ್ನೋದು ಡೀಸೆಲ್. ಎರಡು ತಿಂಗಳಲ್ಲಿ ತಳದಲ್ಲಿ ಕಪ್ಪು ಲೋಳೆ, ಜೊತೆಗೆ ತುಕ್ಕಿನ ಪುಡಿ. ಟ್ಯಾಂಕ್ ಪೂರ್ತಿ ತುಂಬಿಸಿ ಕಟ್ಟಿದರೆ ಹನಿಗಟ್ಟೋದು ಕಡಿಮೆ ಆಗುತ್ತೆ ಅಂತ ಎಲ್ಲ ಮೆಕ್ಯಾನಿಕ್‌ಗಳೂ ಹೇಳ್ತಾರೆ. ಸಂಪಾದನೆ ನಿಂತಿರೋ ಎರಡು ತಿಂಗಳಿಗೆ ಲಕ್ಷಗಟ್ಟಲೆ ರೂಪಾಯಿಯ ಡೀಸೆಲ್ ತುಂಬಿಸಿಡೋ ಮಾಲೀಕ ಎಷ್ಟು ಜನ ಸಿಗ್ತಾರೆ ಹೇಳಿ.

ಬೋಟ್ ಕಟ್ಟಿರೋವಾಗ ಇದು ಯಾರಿಗೂ ಗೊತ್ತಾಗಲ್ಲ. ಎಂಜಿನ್‌ಗೆ ಡೀಸೆಲ್ ಎಳೆಯೋ ಪೈಪು ತಳದಿಂದ ಸ್ವಲ್ಪ ಮೇಲಿರುತ್ತೆ, ದಕ್ಕೆಯಲ್ಲಿ ಸ್ಟಾರ್ಟ್ ಮಾಡಿದರೆ ಎಂಜಿನ್ ಸಲೀಸಾಗಿ ಓಡುತ್ತೆ. ಆಗಸ್ಟ್‌ನಲ್ಲಿ ಸಮುದ್ರ ಇನ್ನೂ ಪೂರ್ತಿ ಶಾಂತವಾಗಿರಲ್ಲ. ಅಲೆಗೆ ಬೋಟ್ ಹೊಯ್ದಾಡಿದಾಗ ತಳದ ಲೋಳೆ, ನೀರು ಎಲ್ಲ ಕಲಕಿ ಮೇಲೇಳುತ್ತೆ, ಫಿಲ್ಟರ್ ಕಟ್ಟಿಕೊಳ್ಳುತ್ತೆ, ಎಂಜಿನ್ ಉಸಿರು ಬಿಡುತ್ತೆ. ಅಂದರೆ ಎಂಜಿನ್ ಅತೀ ಬೇಕಾದ ಗಳಿಗೆಯಲ್ಲೇ ಅದು ಕೈಕೊಡೋದು. ಬಲೆ ನೀರಿನಲ್ಲಿದ್ದರಂತೂ ಕೇಳೋದೇ ಬೇಡ.

ಇದಕ್ಕೆ ಪರಿಹಾರ ಹೊಸದೇನಲ್ಲ. ಟ್ಯಾಂಕಿನ ತಳದಿಂದ ಡೀಸೆಲ್ ಎಳೆದು, ನೀರು ಬೇರ್ಪಡಿಸೋ ಫಿಲ್ಟರ್ ಮೂಲಕ ಹಾಯಿಸಿ, ಟ್ಯಾಂಕಿನ ಇನ್ನೊಂದು ತುದಿಗೆ ವಾಪಸ್ ಬಿಡೋದು. ಇದಕ್ಕೆ ಡೀಸೆಲ್ ಪಾಲಿಶಿಂಗ್ ಅಂತ ಹೆಸರು. ಒಂದು ಪಂಪು, ಒಂದು ಫಿಲ್ಟರ್, ನಾಲ್ಕು ಪೈಪು. ಎಡವಟ್ಟಾಗೋದು ಪಂಪ್ ಆರಿಸೋದರಲ್ಲಿ.

ಅಂಗಡಿಗೆ ಹೋದವರು ಮೊದಲು ಕೇಳೋದು "ಗಂಟೆಗೆ ಎಷ್ಟು ಲೀಟರ್ ಎಳೆಯುತ್ತೆ?" ಅಂತ. ಹೆಚ್ಚು ಎಳೆದಷ್ಟೂ ಒಳ್ಳೇದು ಅನ್ನೋ ಲೆಕ್ಕ. ನನ್ನ ಪ್ರಕಾರ ಪಂಪ್ ಅನ್ನು ಆರಿಸಬೇಕಾದ್ದು ಫಿಲ್ಟರ್ ನೋಡಿ. ಬೋಟ್‌ಗಳಲ್ಲಿ ಹೆಚ್ಚಾಗಿ ಕಾಣೋ ರಾಕೋರ್ ಮಾದರಿಯ ಫಿಲ್ಟರ್ ತಗೊಳ್ಳಿ: 500 ಸರಣಿಯದು ಗಂಟೆಗೆ ಸುಮಾರು 227 ಲೀಟರ್ ತಾಳುತ್ತೆ, 900 ಸರಣಿಯದು 341, 1000 ಸರಣಿಯದು 681. ಅದಕ್ಕಿಂತ ಜೋರಾಗಿ ಹಾಯಿಸಿದರೆ ನೀರಿನ ಹನಿಗಳಿಗೆ ಕೆಳಗಿನ ಬಟ್ಟಲಿಗೆ ಇಳಿಯೋಕೆ ಸಮಯವೇ ಸಿಗಲ್ಲ.

ಈಗ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗೋ 12 ಅಥವಾ 24 ವೋಲ್ಟ್‌ನ ಡೀಸೆಲ್ ಪಂಪ್ ನೋಡಿ, ಜೆಸಿಬಿಗೆ, ಟ್ರ್ಯಾಕ್ಟರ್‌ಗೆ ಬ್ಯಾರಲ್‌ನಿಂದ ಡೀಸೆಲ್ ತುಂಬಿಸೋ ಅಂಥದ್ದು. ಅದು ನಿಮಿಷಕ್ಕೆ 40 ಲೀಟರ್ ಎಳೆಯುತ್ತೆ, ಅಂದರೆ ಗಂಟೆಗೆ 2,400. 900 ಸರಣಿಯ ಫಿಲ್ಟರ್‌ನ ತಾಕತ್ತಿನ ಏಳು ಪಟ್ಟು! ಸಾಲದ್ದಕ್ಕೆ ಅಂಥ ಪಂಪ್‌ಗಳ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಗಿಂತ ಹೆಚ್ಚು ಓಡಿಸಬೇಡಿ ಅಂತ ಬರೆದಿರುತ್ತೆ. ಪಾಲಿಶಿಂಗ್‌ಗೆ ದಿನಗಟ್ಟಲೆ ಓಡೋ ಪಂಪ್ ಬೇಕು. ಡೀಸೆಲ್ ಪಂಪ್ ಅಂತಲೇ ಹೆಸರಿದ್ದರೂ ಈ ಕೆಲಸಕ್ಕೆ ಅದು ಆಗಲ್ಲ.

ಮನೆಬಾವಿಯ ಮೋನೋಬ್ಲಾಕ್ ಪಂಪ್ ತಂದು ಕೂರಿಸೋರೂ ಇದ್ದಾರೆ. ಅದು ಗಾಳಿ ಇದ್ದರೆ ಎಳೆಯಲ್ಲ, ನೀರು ತುಂಬಿಸಿ ಶುರು ಮಾಡಬೇಕಲ್ಲ, ಹಾಗೆ. ಅದಕ್ಕಿಂತ ದೊಡ್ಡ ತೊಂದರೆ ಅದರ ಚಕ್ರದ್ದು. ನಿಮಿಷಕ್ಕೆ 2,800–2,900 ಸುತ್ತು ತಿರುಗೋ ಚಕ್ರ ನೀರನ್ನೂ ಡೀಸೆಲನ್ನೂ ಮಜ್ಜಿಗೆ ಕಡೆದ ಹಾಗೆ ಕಡೆದುಬಿಡುತ್ತೆ. ದೊಡ್ಡ ಹನಿಯಾಗಿದ್ದಾಗ ತಾನೇ ಕೆಳಗಿಳಿಯಬಹುದಾಗಿದ್ದ ನೀರು ಕಣ್ಣಿಗೆ ಕಾಣದ ಸಣ್ಣ ಹನಿಗಳಾಗಿ ಡೀಸೆಲ್‌ನಲ್ಲೇ ತೇಲ್ತಾ ಉಳಿಯುತ್ತೆ.

ಇದೇ ಕಾರಣಕ್ಕೆ ಯಾವ ಪಂಪ್ ಆದರೂ ಅದರ ಜಾಗ ಫಿಲ್ಟರ್‌ನ ನಂತರ. ಟ್ಯಾಂಕ್, ಆಮೇಲೆ ಫಿಲ್ಟರ್, ಆಮೇಲೆ ಪಂಪ್, ಮತ್ತೆ ಟ್ಯಾಂಕ್. ಪಂಪ್ ಎಳೆಯಬೇಕು, ತಳ್ಳಬಾರದು. ಇದರಲ್ಲಿ ಕಷ್ಟಗಳೂ ಇವೆ. ಎಳೆಯೋ ಕಡೆಯ ಪೈಪಿನಲ್ಲಿ ಒಂದು ಕ್ಲಿಪ್ ಸಡಿಲ ಇದ್ದರೂ ಡೀಸೆಲ್ ಹೊರಗೆ ತೊಟ್ಟಿಕ್ಕಲ್ಲ, ಗಾಳಿ ಸದ್ದಿಲ್ಲದೆ ಒಳಗೆ ಹೋಗುತ್ತೆ. ಫಿಲ್ಟರ್ ಕಟ್ಟಿಕೊಂಡಂತೆ ಪಂಪ್ ತಿಣುಕುತ್ತೆ. ಅದಕ್ಕೆ ಫಿಲ್ಟರ್ ಮತ್ತು ಪಂಪ್ ನಡುವೆ ಒಂದು ವ್ಯಾಕ್ಯೂಮ್ ಗೇಜ್ ಹಾಕಿ. ಮುಳ್ಳು ಏರ್ತಾ ಹೋದರೆ ಫಿಲ್ಟರ್ ಬದಲಿಸೋ ಹೊತ್ತಾಯ್ತು ಅಂತ ಅರ್ಥ. ಇಡೀ ಸೆಟ್‌ನಲ್ಲಿ ಅತಿ ಅಗ್ಗದ, ಜನ ಅತಿ ಹೆಚ್ಚು ಬಿಟ್ಟುಬಿಡೋ ವಸ್ತು ಇದೇ.

ಇನ್ನು ರಬ್ಬರ್. ಎಂಜಿನ್ ತಂಪು ಮಾಡೋಕೆ ಸಮುದ್ರದ ನೀರೆಳೆಯೋ ಪಂಪಿನಲ್ಲಿ ರಬ್ಬರ್ ಚಕ್ರ ಇರುತ್ತಲ್ಲ, ಹಳೆಯದೊಂದು ಮೂಲೆಯಲ್ಲಿ ಬಿದ್ದಿದ್ದರೆ ಅದನ್ನೇ ಡೀಸೆಲ್‌ಗೆ ಹಾಕೋಣ ಅನ್ನಿಸುತ್ತೆ. ಆ ಚಕ್ರ ಸಾಮಾನ್ಯವಾಗಿ ನಿಯೋಪ್ರೀನ್, ಡೀಸೆಲ್‌ನಲ್ಲಿ ಊದಿಕೊಳ್ಳುತ್ತೆ. ಡೀಸೆಲ್‌ಗೆ ನೈಟ್ರೈಲ್ ಚಕ್ರ ಬೇಕು, ಅದೂ ಒಣಗಿ ಓಡಿದರೆ ಸ್ವಲ್ಪ ಹೊತ್ತಲ್ಲೇ ಹರಿದುಹೋಗುತ್ತೆ. ತೋಟಕ್ಕೆ ಔಷಧಿ ಹೊಡೆಯೋ ಬ್ಯಾಟರಿ ಸ್ಪ್ರೇಯರ್‌ನ ಪುಟ್ಟ ಡಯಾಫ್ರಾಮ್ ಪಂಪ್ ಬಗ್ಗೆಯೂ ಕೇಳ್ತಾರೆ. ಡಯಾಫ್ರಾಮ್ ಜಾತಿ ಒಳ್ಳೆಯದೇ, ನೀರನ್ನು ಕಡೆಯಲ್ಲ, ಒಣಗಿ ಓಡಿದರೂ ತಾಳುತ್ತೆ. ಆದರೆ ನೀರಿಗೆ ಅಂತ ಮಾಡಿದ ಪಂಪಿನೊಳಗೆ ಇಪಿಡಿಎಂ ರಬ್ಬರ್ ಇದ್ದರೆ ಡೀಸೆಲ್‌ಗೆ ಅದು ನಿಲ್ಲಲ್ಲ. ಅಂಗಡಿಯವನಿಗೆ ಒಳಗಿನ ರಬ್ಬರ್ ಯಾವುದು ಅಂತ ಗೊತ್ತಿಲ್ಲ ಅಂದರೆ ಬೇರೆ ಅಂಗಡಿ ನೋಡಿ.

ಕಿಡಿಯ ವಿಷಯವನ್ನು ಯಾರೂ ತಲೆಗೆ ಹಚ್ಚಿಕೊಳ್ಳಲ್ಲ. ಡೀಸೆಲ್‌ಗೆ ಬೆಂಕಿ ಅಷ್ಟು ಸುಲಭಕ್ಕೆ ಹತ್ತಲ್ಲ ಅನ್ನೋ ನಂಬಿಕೆ. ನಮ್ಮ ಬೋಟ್‌ಗಳಿಗೆ ಬರೋದು ರಸ್ತೆ ವಾಹನಗಳಿಗೆ ಕೊಡೋ ಡೀಸೆಲ್. ಭಾರತದ ಮಾನದಂಡದ ಪ್ರಕಾರ ಅದರ ಫ್ಲಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ದೊಡ್ಡ ಹಡಗುಗಳ ಎಂಜಿನ್ ರೂಮಿಗೆ ಅಂತಾರಾಷ್ಟ್ರೀಯ ನಿಯಮ ಕೇಳೋದು 60. ಓಡ್ತಿರೋ ಬೋಟಿನ ಎಂಜಿನ್ ರೂಮಿನಲ್ಲಿ 35 ಡಿಗ್ರಿ ಯಾವ ಲೆಕ್ಕ? ಹಾಗಾಗಿ ಬ್ರಷ್ ಇಲ್ಲದ ಅಥವಾ ಪೂರ್ತಿ ಸೀಲ್ ಆದ, ಕಿಡಿ ಹೊರಬರದ ಮೋಟರ್ ಇರೋ ಪಂಪೇ ಬೇಕು.

ಕೆಲವು ಸಾವಿರ ಲೀಟರ್ ಹೊತ್ತು ವಾರಗಟ್ಟಲೆ ಹೋಗೋ ಬೋಟಿಗೆ ನನ್ನ ಆಯ್ಕೆ: ನಿಲ್ಲದೆ ಓಡಬಲ್ಲ 24 ವೋಲ್ಟ್‌ನ ಗೇರ್ ಪಂಪ್, ಗಂಟೆಗೆ 250 ಲೀಟರ್ ಆಸುಪಾಸು, ಒಳಗೆ ರಿಲೀಫ್ ವಾಲ್ವ್ ಇರೋದು. ತಾನಾಗಿಯೇ ಎಳೆದುಕೊಳ್ಳುತ್ತೆ, ಬಾಳಿಕೆ ಬರುತ್ತೆ. ಮರಳು, ತುಕ್ಕು ಸಿಕ್ಕರೆ ಹಲ್ಲು ಸವೆಯುತ್ತೆ, ಫಿಲ್ಟರ್ ನಂತರ ಕೂರಿಸಿದರೆ ಆ ಚಿಂತೆಯೂ ಕಡಿಮೆ. ನೂರಿನ್ನೂರು ಲೀಟರ್‌ನ ಸಣ್ಣ ದೋಣಿಗೆ ಟಿಕ್ ಟಿಕ್ ಅನ್ನೋ ಪುಟ್ಟ ಎಲೆಕ್ಟ್ರಿಕ್ ಫ್ಯೂಯಲ್ ಪಂಪ್ ಸಾಕು.

250 ಲೀಟರ್ ತೀರಾ ನಿಧಾನ ಅನ್ನಿಸಬಹುದು. 3,000 ಲೀಟರ್ ಟ್ಯಾಂಕಿನಷ್ಟು ಡೀಸೆಲ್ ಒಮ್ಮೆ ಹಾಯೋಕೆ 12 ಗಂಟೆ ಬೇಕು. ಅಷ್ಟಾದರೂ ಎಲ್ಲವೂ ಶುದ್ಧವಾಗಲ್ಲ, ಶುದ್ಧವಾಗಿ ಬಂದದ್ದು ಕೊಳಕಿನ ಜೊತೆ ಮತ್ತೆ ಬೆರೆಯುತ್ತಲ್ಲ. ಚೆನ್ನಾಗಿ ಬೆರೆಯೋ ಟ್ಯಾಂಕಿನಲ್ಲಿ ಒಂದು ಸುತ್ತಿಗೆ ಸುಮಾರು 63% ಡೀಸೆಲ್ ಫಿಲ್ಟರ್ ಕಂಡಿರುತ್ತೆ, ಮೂರು ಸುತ್ತಿಗೆ 95%. ಅಂದರೆ 36 ಗಂಟೆ. ಕೈಯಲ್ಲಿರೋದು 61 ದಿನ! ಅವಸರ ಯಾರಿಗಿದೆ? ತಳಕ್ಕೆ ಅಂಟಿ ಗಟ್ಟಿಯಾದ ಲೋಳೆಯನ್ನು ಮಾತ್ರ ಯಾವ ಪಾಲಿಶಿಂಗ್ ಪಂಪೂ ಎಬ್ಬಿಸಲ್ಲ. ಅದಕ್ಕೆ ಟ್ಯಾಂಕಿನ ಮುಚ್ಚಳ ತೆಗೆದು ಕೈಯಾರೆ ಬಳಿಯಬೇಕು.

ನಿಜವಾದ ತೊಡಕು ಕರೆಂಟ್. 3 ಆಂಪಿಯರ್ ಎಳೆಯೋ ಪಂಪ್ 36 ಗಂಟೆ ಓಡಿದರೆ 108 ಆಂಪಿಯರ್-ಅವರ್, ಕಟ್ಟಿಟ್ಟ ಬೋಟಿನ ಬ್ಯಾಟರಿ ಪೂರ್ತಿ ಮಲಗಿಬಿಡುತ್ತೆ. ದಕ್ಕೆಯಿಂದ ಚಾರ್ಜರ್‌ಗೆ ಕರೆಂಟ್ ಬೇಕು. ಇಲ್ಲಿ ಇದು ಒಬ್ಬ ಮಾಲೀಕನ ಕೈಮೀರಿ ಸಾರ್ವಜನಿಕ ಪ್ರಶ್ನೆಯಾಗುತ್ತೆ.

ಕೇಂದ್ರ ಸರ್ಕಾರ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಕೊಡೋ ಯೋಜನೆ ಹಾಕಿಕೊಂಡಿದೆ. ಬೇಕಾದದ್ದೇ. ಎಂಜಿನ್ ಸತ್ತ ಬೋಟ್ ಎಲ್ಲಿ ತೇಲ್ತಿದೆ ಅಂತ ಅದು ಹೇಳುತ್ತೆ, ಎಂಜಿನ್ ಸಾಯದ ಹಾಗೆ ತಡೆಯಲ್ಲ. ಲೀಟರ್ ಲೆಕ್ಕದಲ್ಲಿ ರಿಯಾಯಿತಿ ಕೊಡೋ ಸರ್ಕಾರ ಪ್ರತಿ ಬಂದರಿಗೆ ಗಾಡಿಯ ಮೇಲೆ ಕೂರಿಸಿದ ಒಂದೆರಡು ಪಾಲಿಶಿಂಗ್ ಸೆಟ್ ಕೊಡಬಹುದು. ನಿಷೇಧದ 61 ದಿನ ಅದು ಬೋಟಿನಿಂದ ಬೋಟಿಗೆ ಹೋಗಲಿ, ಮೀನುಗಾರರ ಸಹಕಾರಿ ಸಂಘ ನಡೆಸಲಿ. ಮಾಲೀಕರು ತಾವೇ ಮಾಡಿಕೊಳ್ಳಲಿ ಅನ್ನೋ ವಾದ ನನಗೆ ಒಪ್ಪಿಗೆಯಿಲ್ಲ. ಪಂಪ್ ಬೇಡ ಅಂತ ತೀರ್ಮಾನ ಮಾಡೋನು ದಡದಲ್ಲಿರ್ತಾನೆ. ಕಲಾಸಿಯ ಸಂಪಾದನೆ ಎಷ್ಟೋ ಬೋಟ್‌ಗಳಲ್ಲಿ ಪಾಲಿನ ಲೆಕ್ಕ, ಟ್ರಿಪ್ ಅರ್ಧಕ್ಕೆ ಮುರಿದರೆ ಅವನ ಪಾಲೂ ಮುರಿಯುತ್ತೆ. ಒಡಿಶಾದಿಂದಲೋ ಜಾರ್ಖಂಡ್‌ನಿಂದಲೋ ಬಂದ ಹುಡುಗ ಟ್ಯಾಂಕ್ ತೊಳೆದಿದ್ದೀರಾ ಅಂತ ಮಾಲೀಕನನ್ನು ಕೇಳೋಕಾಗುತ್ತಾ?

ಸಾಮೂಹಿಕ ಸೆಟ್ ಬಂದರೆ ಇನ್ನೊಂದು ಕೆಲಸವೂ ಆಗುತ್ತೆ. ಫಿಲ್ಟರ್ ಬಟ್ಟಲಿನಿಂದ ತೆಗೆದ ಕಪ್ಪು ನೀರು ಈಗ ಹೋಗೋದು ಹೆಚ್ಚಾಗಿ ಬೋಟಿನ ಪಕ್ಕದ ನೀರಿಗೇ. ಗಾಡಿಯ ಜೊತೆ ಒಂದು ಮುಚ್ಚಳವಿರೋ ಬ್ಯಾರಲ್ಲೂ ಇರಲಿ, ತುಂಬಿದ ಮೇಲೆ ಅದನ್ನು ಬಳಸಿದ ಆಯಿಲ್ ಒಯ್ಯೋ ಪರವಾನಗಿಯುಳ್ಳವರಿಗೆ ಕೊಡಲಿ.