ಕಂತಿನ ಕಥೆ, ನೋಡುಗನ ಪಾಲು

ಕಂತು ಎಂಬ ಮಾತಿಗೆ ಕನ್ನಡದಲ್ಲಿ ಹಲವು ಅರ್ಥಗಳಿವೆ. ಸಾಲವನ್ನು ಭಾಗಭಾಗವಾಗಿ ತೀರಿಸುವಾಗ ಒಂದೊಂದು ಭಾಗವೂ ಕಂತು. ಹೊತ್ತು ಮುಳುಗುವುದೂ ಕಂತುವುದೇ. ಹಳೆಯ ಕಾವ್ಯಗಳನ್ನು ಓದಿದವರಿಗೆ ಕಂತು ಎಂದರೆ ಮನ್ಮಥ. ದೂರದರ್ಶನದ ಧಾರಾವಾಹಿಯ ಒಂದು ದಿನದ ಪಾಲಿಗೆ ಈ ಹೆಸರನ್ನಿಟ್ಟವರು ಮೊದಲನೆಯ ಅರ್ಥವನ್ನಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಆದರೆ ಧಾರಾವಾಹಿಗಳ ಗೀಳು ಹಿಡಿದ ನನ್ನಂಥವನಿಗೆ ಮೂರೂ ಅರ್ಥಗಳು ಸಲ್ಲುತ್ತವೆ. ಕಥೆಗಾರ ನನಗೆ ಸಾಲಗಾರ. ದಿನವೂ ಸ್ವಲ್ಪ ತೀರಿಸಿ, ಅದಕ್ಕಿಂತ ಹೆಚ್ಚಾಗಿ ಹೊಸ ಸಾಲ ಮಾಡಿ ಹೋಗುತ್ತಾನೆ. ಕಥೆ ಕಣ್ಣಿನಿಂದ ಮರೆಯಾದ ಮೇಲೆ ಅದರ ಮೋಹ ತೊಡಗುತ್ತದೆ.

ಈ ಮೋಹವನ್ನು ಕುರಿತು ಒಂದೆರಡು ಮಾತು ಹೇಳಬೇಕೆಂದಿದ್ದೇನೆ. ನಾನು ವಿಮರ್ಶಕನಲ್ಲ. ನೋಡಿದ ಕಂತುಗಳ ಬಗೆಗೆ ಆಯಾ ರಾತ್ರಿಯೇ ನಾಲ್ಕು ಸಾಲು ಗೀಚಿಡುವ ಅಭ್ಯಾಸ ಇರುವವನು, ಅಷ್ಟೇ. ಹಲವು ವರ್ಷಗಳ ಆ ಟಿಪ್ಪಣಿಗಳನ್ನು ಈಚೆಗೆ ತಿರುವಿಹಾಕಿದಾಗ ಒಂದು ಸಂಗತಿ ಹೊಳೆಯಿತು. ಕಾದಂಬರಿಯನ್ನು ಕೆಳಗಿಡುವ ಹೊತ್ತನ್ನು ಓದುಗ ಆರಿಸಿಕೊಳ್ಳುತ್ತಾನೆ. ಧಾರಾವಾಹಿಯಲ್ಲಿ ಆ ಹೊತ್ತನ್ನು ಬೇರೆಯವರು ಗೊತ್ತುಮಾಡಿರುತ್ತಾರೆ. ಹಾಗೆ ಬಲವಂತವಾಗಿ ದೊರೆತ ಬಿಡುವಿನಲ್ಲಿ ನೋಡುಗ ಸುಮ್ಮನೆ ಕೂರುವುದಿಲ್ಲ. ಕಥೆಯನ್ನು ತನ್ನ ಮನೆಗೆ ಒಯ್ದು, ತನಗೆ ಬೇಕಾದಂತೆ ಮುಂದುವರಿಸುತ್ತಾನೆ. ಮಾಡಿದವರು ಬಯಸಿದ್ದು ಒಂದು, ನೋಡಿದವರು ಕಂಡದ್ದು ಇನ್ನೊಂದು ಆಗುವುದು ಈ ಬಿಡುವಿನಲ್ಲಿಯೇ.

ಇದಕ್ಕೆ ‘ಹಮ್ ಲೋಗ್’ಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. 1984ರ ಜುಲೈ 7ರಂದು ಆರಂಭವಾಗಿ, ಮರುವರ್ಷ ಡಿಸೆಂಬರಿನಲ್ಲಿ ಮುಗಿಯುವಷ್ಟರಲ್ಲಿ ಅದು 156 ಕಂತುಗಳನ್ನು ಕಂಡಿತ್ತು. ಬರೆದವರು ಹಿಂದಿಯ ಕಾದಂಬರಿಕಾರ ಮನೋಹರ ಶ್ಯಾಮ ಜೋಶಿ, ನಿರ್ದೇಶಕರು ಪಿ. ಕುಮಾರ ವಾಸುದೇವ. ಕಥೆಯ ಮೂಲಕ ಜನರಿಗೆ ಕುಟುಂಬ ಯೋಜನೆಯನ್ನೂ ಹೆಣ್ಣುಮಕ್ಕಳ ಸ್ಥಾನಮಾನವನ್ನೂ ಬೋಧಿಸುವ ಒಂದು ಮಾದರಿಯನ್ನು ಮೆಕ್ಸಿಕೋ ದೇಶದಲ್ಲಿ ಮಿಗೆಲ್ ಸಬಿದೋ ಎಂಬುವರು ರೂಪಿಸಿದ್ದರು. ಅದರ ಪ್ರೇರಣೆಯಿಂದ ಹುಟ್ಟಿದ್ದು ಈ ಧಾರಾವಾಹಿ. ಆ ಮಾದರಿಯ ಲೆಕ್ಕಾಚಾರ ಸರಳವಾದದ್ದು: ಅನುಸರಿಸಬೇಕಾದ ಪಾತ್ರ ಒಂದು, ದೂರವಿಡಬೇಕಾದ ಪಾತ್ರ ಇನ್ನೊಂದು, ಇವೆರಡರ ನಡುವೆ ತೂಗಾಡಿ ದಾರಿಗೆ ಬರುವ ಪಾತ್ರ ಮತ್ತೊಂದು. ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ ಕುಮಾರ್ ತೆರೆಯ ಮೇಲೆ ಬಂದು, ಮನೆಯ ಹಿರಿಯರಂತೆ ಎರಡು ಹಿತವಚನ ಹೇಳಿ ಹೋಗುತ್ತಿದ್ದರು.

ಮೊದಲ ಹದಿಮೂರು ಕಂತುಗಳು ಕಳೆಯುವಷ್ಟರಲ್ಲಿಯೇ ಜನ ಉಪದೇಶದಿಂದ ಬೇಸತ್ತರು. ಕುಟುಂಬ ಯೋಜನೆಯ ಮಾತನ್ನು ತಗ್ಗಿಸಿ ಕಥೆಗೆ ಜೀವ ತುಂಬಬೇಕಾಯಿತು. ಇದು ನೋಡುಗರ ಮೊದಲ ಗೆಲುವು. ಮುಂದೆ ಲಕ್ಷಗಟ್ಟಲೆ ಪತ್ರಗಳು ಬಂದವು. ಆದರೆ ನಾನು ಹೇಳಹೊರಟದ್ದು ಭಗವಂತಿಯ ವಿಷಯ. ಈಕೆ ಆ ಸಂಸಾರದ ತಾಯಿ. ಗಂಡ ಬಸೇಸರ ರಾಮ ಕುಡುಕ. ಅತ್ತೆಯ ಮಾತನ್ನೂ ಗಂಡನ ಮಾತನ್ನೂ ಸಹಿಸಿಕೊಂಡು ಒಲೆಯ ಮುಂದೆ ಬೇಯುವ ಹೆಂಗಸು. ಹೀಗಿರಬಾರದು ಎಂದು ತೋರಿಸುವುದಕ್ಕಾಗಿಯೇ ಆಕೆಯನ್ನು ಸೃಷ್ಟಿಸಿದ್ದರು.

ಆಗ ನಾವು ಬೆಂಗಳೂರಿನಲ್ಲಿ ಒಂದು ವಠಾರದಲ್ಲಿದ್ದೆವು. ಪೆಟ್ಟಿಗೆ ಇದ್ದದ್ದು ಎದುರುಮನೆಯಲ್ಲಿ. ನನ್ನ ತಾಯಿಗೆ ಹಿಂದಿ ಬಾರದು. ಆದರೂ ಭಗವಂತಿ ಬಾಯಿ ತೆರೆಯುವುದಕ್ಕೆ ಮುಂಚೆಯೇ ಆಕೆ ಏನು ಹೇಳುವಳೆಂದು ಅವರಿಗೆ ಗೊತ್ತಾಗುತ್ತಿತ್ತು. ಒಂದು ರಾತ್ರಿ ಕಂತು ಮುಗಿಸಿ ಮನೆಗೆ ಬರುತ್ತ ನಾನು, “ಇಂಥವರಿಂದಲೇ ಗಂಡಸರು ಕೆಡುವುದು. ಒಂದು ಸಲವಾದರೂ ಎದುರು ನಿಲ್ಲಬಾರದೇ?” ಎಂದೆ. ತಾಯಿ, “ಅವಳು ಸುಮ್ಮನಿರುವುದು ಹೆದರಿಕೊಂಡಲ್ಲ ಕಣೋ. ಮನೆ ಬೀಳಬಾರದು ಅಂತ ಹಿಡಿದುಕೊಂಡು ನಿಂತಿದ್ದಾಳೆ” ಎಂದರು. ನಾನು ಹೊಸದಾಗಿ ಓದಿದ ಪುಸ್ತಕಗಳ ಬಲದಿಂದ, ನಿನ್ನಂಥವರನ್ನು ಎಚ್ಚರಿಸುವುದಕ್ಕೇ ಈ ಕಥೆಯನ್ನು ಬರೆದಿದ್ದಾರೆ ಎಂದುಬಿಟ್ಟೆ. ಎರಡು ದಿನ ಅವರು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಆ ರಾತ್ರಿಯ ನನ್ನ ಟಿಪ್ಪಣಿಯಲ್ಲಿ, “ಅಮ್ಮನಿಗೆ ಕಥೆ ಅರ್ಥವಾಗುತ್ತಿಲ್ಲ” ಎಂಬ ವಾಕ್ಯವಿದೆ. ಅದನ್ನು ಹೊಡೆದುಹಾಕದೆ ಹಾಗೆಯೇ ಉಳಿಸಿದ್ದೇನೆ.

ಆ ಮೇಲೆ ಅರವಿಂದ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಎಂಬ ವಿದ್ವಾಂಸರು ಈ ಧಾರಾವಾಹಿಯನ್ನು ನೋಡಿದವರನ್ನು ಕೇಳಿ ಒಂದು ಅಧ್ಯಯನ ಮಾಡಿದರು. ದೂರವಿಡಬೇಕೆಂದು ರೂಪಿಸಿದ್ದ ಭಗವಂತಿಯನ್ನೇ ಅನೇಕರು ಆದರ್ಶವಾಗಿ ಕಂಡಿದ್ದರೆಂದು ಅವರಿಗೆ ತಿಳಿದುಬಂತು. ಇದನ್ನು ಪ್ರಯೋಗದ ಸೋಲು ಎನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಬರೆದವರು ಆಕೆಯ ಮೌನವನ್ನು ಮಾತ್ರ ಬರೆದರು. ಮೌನದ ಹಿಂದಿನ ಕಾರಣವನ್ನು ನೋಡಿದವರು ತಮ್ಮ ತಮ್ಮ ಬದುಕಿನಿಂದ ತಂದು ಸೇರಿಸಿದರು. ಭಗವಂತಿಯ ಬಾಳು ಸರಿಯೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ನನ್ನ ತಾಯಿಗೆ ಕಥೆ ಅರ್ಥವಾಗಿರಲಿಲ್ಲ ಎಂಬುದು ಶುದ್ಧ ಸುಳ್ಳು.

‘ಮಾಲ್ಗುಡಿ ಡೇಸ್’ನ ರೀತಿಯೇ ಬೇರೆ. ಶಂಕರನಾಗ್ ಆಗುಂಬೆಯನ್ನು ಮಾಲ್ಗುಡಿಯಾಗಿ ಮಾಡಿ, ಆರ್. ಕೆ. ನಾರಾಯಣರ ಕಥೆಗಳನ್ನು 1980ರ ದಶಕದ ಉತ್ತರಾರ್ಧದಲ್ಲಿ ತೆರೆಗೆ ತಂದರು. ಮಾಸ್ಟರ್ ಮಂಜುನಾಥನ ಸ್ವಾಮಿಯನ್ನೂ ಎಲ್. ವೈದ್ಯನಾಥನ್ ಅವರ ರಾಗವನ್ನೂ ಮರೆತವರಿಲ್ಲವಾದ್ದರಿಂದ ಆ ಮಾತು ಬೇಡ. ಇಲ್ಲಿ ಅನೇಕ ಕಥೆಗಳು ಒಂದೇ ಕಂತಿಗೆ ಮುಗಿಯುತ್ತಿದ್ದವು. ಮುಂದೇನು ಎಂಬ ಪ್ರಶ್ನೆಯೇ ಇಲ್ಲದ ಮೇಲೆ ನೋಡುಗನಿಗೆ ಕಾಯುವ ಕೆಲಸ ಎಲ್ಲಿಂದ ಬರಬೇಕು? ನಾರಾಯಣರ ಜಾಣ್ಮೆ ಎಂದರೆ, ಕಾಯುವುದನ್ನು ಅವರು ಕಥೆಯ ಒಳಗೇ ಇಟ್ಟಿದ್ದಾರೆ. ತಿಂಗಳಿಗೆ 45 ರೂಪಾಯಿ ಸಂಬಳದ ಕಥೆಯನ್ನು ನೆನೆಯಿರಿ. ಗುಮಾಸ್ತ ವೆಂಕಟರಾಯ ಸಂಜೆ ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದಾನೆ. ಮಗು ಅಲಂಕಾರ ಮಾಡಿಕೊಂಡು ಕಾಯುತ್ತಿದೆ. ಕಚೇರಿ ಬಿಡುವುದಿಲ್ಲ. ರೇಗಿ ರಾಜೀನಾಮೆ ಬರೆದು ಕೊಂಡೊಯ್ದರೆ, ಸಂಬಳ ಐದು ರೂಪಾಯಿ ಏರಿದೆಯೆಂಬ ಸುದ್ದಿ ಕಾದಿರುತ್ತದೆ. ಕಾಗದವನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತಾನೆ. ಮನೆಗೆ ಬರುವ ವೇಳೆಗೆ ಮಗು ಉಟ್ಟ ಉಡುಪಿನಲ್ಲಿಯೇ ನಿದ್ದೆ ಹೋಗಿದೆ.

ಈ ಗುಮಾಸ್ತನ ಪಾತ್ರದಲ್ಲಿದ್ದವರು ವಿಷ್ಣುವರ್ಧನ್. ಹತ್ತಾರು ಖಳರನ್ನು ಒಂದೇ ಕೈಯಲ್ಲಿ ಹೊಡೆದುರುಳಿಸುತ್ತಿದ್ದ ನಾಯಕ ಒಬ್ಬ ಮೇಲಧಿಕಾರಿಯ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ಕಂಡು ನಮ್ಮ ವಠಾರದ ಹುಡುಗರಿಗೆ ತುಂಬ ನಿರಾಸೆಯಾಯಿತು. ಈಗ ಎದ್ದು ಹೊಡೆಯುತ್ತಾರೆಂದು ಕೊನೆಯವರೆಗೂ ಕಾದಿದ್ದರು. ನನಗನ್ನಿಸುತ್ತದೆ, ನಟನ ಆಯ್ಕೆಯ ಸ್ವಾರಸ್ಯ ಇರುವುದು ಅಲ್ಲಿಯೇ. ಆ ಮಗುವಿನ ಹಾಗೆ ನಾವೂ ಬಾರದ ಒಂದು ಸಂಜೆಗಾಗಿ ಸಿಂಗರಿಸಿಕೊಂಡು ಕುಳಿತಿದ್ದೆವು. ವೆಂಕಟರಾಯ ಕಾಗದವನ್ನು ಹಿಂದಕ್ಕೆ ಪಡೆದದ್ದಕ್ಕೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮರುದಿನ ನಾನು ನನ್ನ ಕಚೇರಿಯಲ್ಲಿ, ಒಂದು ಮಾತೂ ಆಡದೆ, ಸಂಜೆ ಏಳರವರೆಗೆ ಕುಳಿತು ಲೆಕ್ಕ ಬರೆದೆ.

ಕಥೆ ಮೊದಲೇ ತಿಳಿದಿದ್ದರೆ ನೋಡುಗ ಏನು ಮಾಡುತ್ತಾನೆ? 1988ರ ಅಕ್ಟೋಬರಿನಿಂದ 1990ರ ಜೂನಿನವರೆಗೆ ಭಾನುವಾರದ ಬೆಳಗುಗಳನ್ನು ಆಳಿದ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ ಇದಕ್ಕೆ ಉತ್ತರ. ಸಂಭಾಷಣೆ ರಾಹಿ ಮಾಸೂಮ್ ರಜಾ ಅವರದು. ಕಾಲನ ಬಾಯಿಂದ ಕಥೆ ಹೇಳಿಸಿದ್ದು ದೊಡ್ಡ ಕಲ್ಪನೆ. ಕೃಷ್ಣ ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುವ ಕಂತಿಗಾಗಿ ನಾನು ವಾರಗಟ್ಟಲೆ ಕಾದಿದ್ದೆ. ನೋಡಿ, “ಸಪ್ಪೆ” ಎಂದು ಒಂದೇ ಪದ ಬರೆದಿಟ್ಟೆ. ಈಗ ಯೋಚಿಸಿದರೆ ಅದು ಅನ್ಯಾಯದ ತೀರ್ಪು. ತೆರೆಯ ಮೇಲೆ ಕರ್ಣ ಮಾತನಾಡುತ್ತಿದ್ದಾಗ ನನ್ನ ಕಿವಿಯಲ್ಲಿದ್ದುದು ಚಿಕ್ಕಂದಿನಲ್ಲಿ ಕೇಳಿದ ಗಮಕಿಯ ಧ್ವನಿ, ಕುಮಾರವ್ಯಾಸನ ಕರ್ಣ. ಕೊರಳು ಕಟ್ಟಿ ಕಣ್ಣು ತುಂಬಿ ಬಂದ ಆ ಕರ್ಣನ ಎದುರಿಗೆ ಯಾವ ನಟ ತಾನೇ ನಿಂತಾನು? ಕನ್ನಡಿಗರು ಆ ಧಾರಾವಾಹಿಯನ್ನು ಎರಡು ಸಲ ನೋಡಿದರು: ಒಮ್ಮೆ ಕಣ್ಣಿನಲ್ಲಿ, ಒಮ್ಮೆ ಕಿವಿಯಲ್ಲಿ.

ದಿನವಹಿ ಧಾರಾವಾಹಿಗಳ ಮಾತು ಬಂದರೆ ನಾನು ಬೇಗ ಮುಗಿಸುತ್ತೇನೆ. 1998ರ ‘ಮಾಯಾಮೃಗ’ದಿಂದ ಟಿ. ಎನ್. ಸೀತಾರಾಮ್ ಮತ್ತು ಅವರ ಸಂಗಡಿಗರು ಕನ್ನಡದಲ್ಲಿ ಇದಕ್ಕೆ ಒಂದು ಘನತೆ ತಂದರು. ಸಾಮಾನ್ಯರ ಮನೆಯ ಮಾತು ಮನೆಯ ಮಾತಾಗಿಯೇ ಕೇಳಿಸಿತು. ಆಮೇಲೆ ಬಂದ ಹಲವುಗಳಲ್ಲಿ ಕಂತಿನ ಕೊನೆಗೆ ಯಾರೋ ಬಾಗಿಲು ತಟ್ಟುತ್ತಾರೆ. ಮೂರು ಸಲ ಗುಡುಗುತ್ತದೆ. ಮರುದಿನ ನೋಡಿದರೆ ಹಾಲಿನವನು. ಇದು ತೀರಿಸುವ ಮನಸ್ಸಿಲ್ಲದವನು ಮಾಡುವ ಸಾಲ. ಇನ್ನು ಈಗಿನ ತರುಣರು ಇಡೀ ಧಾರಾವಾಹಿಯನ್ನು ಒಂದೇ ರಾತ್ರಿ ನೋಡಿ ಮುಗಿಸುತ್ತಾರೆ. ಅವರ ಮೇಲೆ ನನಗೆ ದೂರಿಲ್ಲ. ಕಾದಂಬರಿಯನ್ನು ನಾನೂ ಹಾಗೆ ಓದಿದವನೇ. ಕಂತು ಮಾತ್ರ ಅಲ್ಲಿ ಇಲ್ಲ.

ಕಡೆಯದಾಗಿ ‘ಗೃಹಭಂಗ’. ಎಸ್. ಎಲ್. ಭೈರಪ್ಪನವರ 1970ರ ಕಾದಂಬರಿಯನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಗಿರೀಶ ಕಾಸರವಳ್ಳಿ ಧಾರಾವಾಹಿಯಾಗಿ ನಿರ್ದೇಶಿಸಿದರು, ನಂಜಮ್ಮನಾದವರು ಮಾಳವಿಕಾ. ಬೈಗುಳವಲ್ಲದೆ ಬೇರೆ ಮಾತರಿಯದ ಅತ್ತೆ ಗಂಗಮ್ಮ, ಹೊಟ್ಟೆಯೊಂದನ್ನೇ ಬಲ್ಲ ಗಂಡ ಚೆನ್ನಿಗರಾಯ. ಅವನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಮನೆ ನಡೆಸುವ ನಂಜಮ್ಮ. ಆ ಹೊತ್ತಿಗೆ ನಮ್ಮ ಮನೆಗೂ ಪೆಟ್ಟಿಗೆ ಬಂದಿತ್ತು. ತಾಯಿಗೆ ವಯಸ್ಸಾಗಿತ್ತು, ಕಾದಂಬರಿಯನ್ನು ಹಿಂದೆಯೇ ಎರಡು ಸಲ ಓದಿದ್ದರು. ಮೊದಲ ವಾರವೇ, “ಇವಳು ನಿನ್ನ ಆ ಹಿಂದಿಯ ಭಗವಂತಿಗೆ ಅಕ್ಕ ಆಗಬೇಕು” ಎಂದರು. ಅಷ್ಟು ವರ್ಷ ಅವರು ಆ ಹೆಸರನ್ನು ಎತ್ತಿದ್ದೇ ಇಲ್ಲ. ನಾನು ಏನೂ ಹೇಳಲಿಲ್ಲ.

ಪ್ಲೇಗು ಬಂದು ನಂಜಮ್ಮನ ಬೆಳೆದ ಮಕ್ಕಳಿಬ್ಬರನ್ನೂ ಒಯ್ಯುವ ಭಾಗ ಹತ್ತಿರವಾಗುತ್ತಿದೆಯೆಂದು ಕಾದಂಬರಿ ಓದಿದ ನಮಗಿಬ್ಬರಿಗೂ ತಿಳಿದಿತ್ತು. ಆ ಸಂಜೆ ತಾಯಿ, “ನೀನು ನೋಡಿ ಹೇಳು” ಎಂದು ಹಿತ್ತಲಿಗೆ ಹೋಗಿ, ತುಳಸಿಕಟ್ಟೆಯ ಬಳಿ ಕತ್ತಲಲ್ಲಿ ಕುಳಿತರು. ನಾನು ಒಬ್ಬನೇ ನೋಡಿದೆ. ಮುಗಿದ ಮೇಲೆ ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಮಕ್ಕಳ ವಿಷಯವನ್ನು ಅವರು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ನಂಜಮ್ಮ ಏನಾದರೂ ಬಾಯಿಗೆ ಹಾಕಿಕೊಂಡಳೇನೋ?” ಎಂದರು.

ಅದನ್ನು ನಾನು ಗಮನಿಸಿರಲಿಲ್ಲ.